ಹಳೆಯ ಸೀರಿಯಲ್ ಕಿಂಡಿ, ಹೊಸ ಲಿನಕ್ಸ್ ಕರ್ನೆಲ್

ಹಳೆಯ ಕಂಪ್ಯೂಟರುಗಳ ಹಿಂಬದಿಯಲ್ಲಿ ಒಂಬತ್ತು ಸೂಜಿಗಳುಳ್ಳ, ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಒಂದು ಸಣ್ಣ ಕಿಂಡಿಯನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅದಕ್ಕೆ ಸೀರಿಯಲ್ ಪೋರ್ಟ್ ಎಂದು ಹೆಸರು. ಮನೆಗಳಲ್ಲಿ ಬಳಸುವ ಕಂಪ್ಯೂಟರುಗಳಿಂದ ಅದು ಮರೆಯಾಗಿ ಬಹಳ ಕಾಲವಾಯಿತು. ಆದರೆ ಪ್ರಯೋಗಶಾಲೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಅದರ ಬಳಕೆ ಇನ್ನೂ ನಿಂತಿಲ್ಲ. ವಿಕಿರಣವನ್ನು ಎಣಿಸುವ ಉಪಕರಣ, ಮಿಲಿಗ್ರಾಮಿನ ಅಂಶವನ್ನೂ ತೂಗುವ ತಕ್ಕಡಿ, ಕುಲುಮೆಯ ಉಷ್ಣತೆಯನ್ನು ಕಾಯುವ ನಿಯಂತ್ರಕ, ಇಂಥವು ಇಪ್ಪತ್ತು ಮೂವತ್ತು ವರ್ಷ ನಿಷ್ಠೆಯಿಂದ ದುಡಿಯಬಲ್ಲವು. ಅವುಗಳ ಜೊತೆಗಿರುವ ಕಂಪ್ಯೂಟರಿಗೆ ಅಷ್ಟು ಆಯುಸ್ಸಿಲ್ಲ. ಅದು ಸವೆದು ಹೋದಾಗ ಹೊಸ ಕಂಪ್ಯೂಟರು ಬರುತ್ತದೆ. ಅದರೊಡನೆ ಹೊಸ ಲಿನಕ್ಸ್ ವ್ಯವಸ್ಥೆಯೂ ಬರುತ್ತದೆ. ಆಗ ಹಳೆಯ ಉಪಕರಣ ಒಮ್ಮೆಗೇ ಮೂಕವಾಗುತ್ತದೆ.

ಉಪಕರಣ ಕೆಟ್ಟಿಲ್ಲ, ತಂತಿ ಹರಿದಿಲ್ಲ, ಕಂಪ್ಯೂಟರಿನಲ್ಲಿಯೂ ದೋಷವಿಲ್ಲ. ಅವೆರಡರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಬೇಕಾದ ದುಭಾಷಿ ಮಾತ್ರ ಹಳೆಯ ಕಾಲದವನು. ಹೊಸ ಅರಮನೆಯ ರೀತಿನೀತಿಗಳನ್ನು ಅವನು ಅರಿಯನು. ಈ ದುಭಾಷಿಯನ್ನೇ ಡ್ರೈವರ್ ಎಂದು ಕರೆಯುತ್ತಾರೆ. ಅವನಿಗೆ ಹೊಸ ರೀತಿಯನ್ನು ಕಲಿಸುವುದು ಹೇಗೆ? ಕಲಿತನೆಂದು ನಂಬುವುದು ಯಾವಾಗ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಒಂದೇ ತಂತಿಯಲ್ಲಿ ಅಕ್ಷರಗಳ ಸಾಲು

ಸೀರಿಯಲ್ ಪೋರ್ಟಿನ ವಿದ್ಯುತ್ ನಿಯಮಗಳನ್ನು ಅಮೆರಿಕದಲ್ಲಿ ೧೯೬೦ರಲ್ಲಿ ಆರ್‌ಎಸ್-೨೩೨ ಎಂಬ ಹೆಸರಿನಿಂದ ಗೊತ್ತುಪಡಿಸಿದರು. ಬಹುಕಾಲ ಬಳಕೆಯಲ್ಲಿದ್ದ ಅದರ ‘ಸಿ’ ಆವೃತ್ತಿ ೧೯೬೯ರದು. ಅದರ ತತ್ತ್ವ ಸರಳವಾದುದು. ತಂತಿಯ ವಿಭವ ಋಣ ೩ರಿಂದ ಋಣ ೧೫ ವೋಲ್ಟುಗಳ ನಡುವೆ ಇದ್ದರೆ ಅದು ‘ಒಂದು’; ಧನ ೩ರಿಂದ ಧನ ೧೫ ವೋಲ್ಟುಗಳ ನಡುವೆ ಇದ್ದರೆ ಅದು ‘ಸೊನ್ನೆ’. ಮಾತಿಲ್ಲದಿರುವಾಗ ತಂತಿ ‘ಒಂದು’ ಸ್ಥಿತಿಯಲ್ಲಿರುತ್ತದೆ. ಒಂದು ಅಕ್ಷರವನ್ನು ಕಳುಹಿಸಬೇಕಾದಾಗ ಮೊದಲು ಒಂದು ಸೊನ್ನೆ ಬರುತ್ತದೆ. ಇದು ಆರಂಭದ ಬಿಟ್. ಅನಂತರ ಎಂಟು ಬಿಟ್‌ಗಳು ಕಿರಿಯ ಸ್ಥಾನದಿಂದ ಹಿರಿಯ ಸ್ಥಾನದ ಕಡೆಗೆ ಒಂದರ ಹಿಂದೊಂದು ಬರುತ್ತವೆ. ಕೊನೆಗೆ ‘ಒಂದು’ ಬರುತ್ತದೆ. ಇದು ಮುಕ್ತಾಯದ ಬಿಟ್. ಅಂತೂ ಒಂದು ಅಕ್ಷರಕ್ಕೆ ಹತ್ತು ಬಿಟ್‌ಗಳಾದುವು.

ಸೆಕೆಂಡಿಗೆ ೯೬೦೦ ಬಿಟ್‌ಗಳ ವೇಗವಿದ್ದರೆ ಒಂದೊಂದು ಬಿಟ್ಟಿಗೆ ಸುಮಾರು ೧೦೪ ಮೈಕ್ರೋಸೆಕೆಂಡು ಕಾಲಾವಕಾಶ. ಸೆಕೆಂಡಿಗೆ ೯೬೦ ಅಕ್ಷರಗಳು ಸಾಗುತ್ತವೆ. ಎರಡು ಕಡೆಯವರಿಗೂ ಸಮಾನವಾದ ಗಡಿಯಾರವಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕೇಳುವವನು ಆರಂಭದ ಬಿಟ್ಟಿನ ಅಂಚನ್ನು ಕಂಡೊಡನೆ ತನ್ನ ಗಡಿಯಾರದಿಂದಲೇ ಎಣಿಸಲು ತೊಡಗಿ, ಪ್ರತಿಯೊಂದು ಬಿಟ್ಟಿನ ನಡುಭಾಗದಲ್ಲಿ ವಿಭವವನ್ನು ನೋಡುತ್ತಾನೆ. ಮುಕ್ತಾಯದ ಬಿಟ್ಟಿನ ನಡುಭಾಗ ಬರುವುದು ಒಂಬತ್ತೂವರೆ ಬಿಟ್‌ಗಳ ಕಾಲವಾದ ಮೇಲೆ. ಅಷ್ಟರಲ್ಲಿ ಎರಡು ಗಡಿಯಾರಗಳ ಅಂತರ ಅರ್ಧ ಬಿಟ್ಟನ್ನು ಮೀರಬಾರದು. ಎಂದರೆ ಅವುಗಳ ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಐದರಷ್ಟು ಇರಬಹುದು; ಅದಕ್ಕಿಂತ ಹೆಚ್ಚಾದರೆ ಅಕ್ಷರಗಳು ಕಲಸಿಹೋಗುತ್ತವೆ. ಈ ಸಂಗತಿ ಮುಂದೆ ನಮಗೆ ಬೇಕಾಗುತ್ತದೆ.

ಬಿಟ್‌ಗಳನ್ನು ಹೀಗೆ ಪೋಣಿಸುವ ಮತ್ತು ಬಿಡಿಸುವ ಕೆಲಸವನ್ನು ಯುಎಆರ್‌ಟಿ ಎಂಬ ಚಿಪ್ ಮಾಡುತ್ತದೆ. ೧೯೮೧ರಲ್ಲಿ ಹೊರಬಂದ ಐಬಿಎಂ ಪಿಸಿಯ ಸೀರಿಯಲ್ ಕಾರ್ಡಿನಲ್ಲಿ ಇದ್ದುದು ೮೨೫೦ ಎಂಬ ಚಿಪ್. ಅದಕ್ಕೆ ೧.೮೪೩೨ ಮೆಗಾಹರ್ಟ್ಸ್ ಸ್ಫಟಿಕದ ಗಡಿಯಾರ. ಅದನ್ನು ೧೬ರಿಂದ ಭಾಗಿಸಿದರೆ ೧೧೫೨೦೦. ಮತ್ತೆ ೧೨ರಿಂದ ಭಾಗಿಸಿದರೆ ೯೬೦೦. ಈ ‘೧೨’ ಎಂಬ ಭಾಜಕವನ್ನು ಚಿಪ್ಪಿಗೆ ತಿಳಿಸುವುದು ಡ್ರೈವರಿನ ಕೆಲಸಗಳಲ್ಲೊಂದು.

ದುಭಾಷಿಯ ಕೆಲಸ

ಅಕ್ಷರವೊಂದು ಬಂದಾಗ ಚಿಪ್ ಪ್ರೊಸೆಸರಿಗೆ ಒಂದು ಸಂಜ್ಞೆಯನ್ನು ಕೊಡುತ್ತದೆ. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಅಡಿಗೆ ಮಾಡುತ್ತಿರುವವರು ಬಾಗಿಲು ಬಡಿದ ಸದ್ದು ಕೇಳಿ ಸೌಟನ್ನು ಕೆಳಗಿಟ್ಟು ಬರುವಂತೆ, ಪ್ರೊಸೆಸರ್ ತಾನು ಮಾಡುತ್ತಿದ್ದುದನ್ನು ನಿಲ್ಲಿಸಿ ಡ್ರೈವರಿನ ಒಂದು ಭಾಗವನ್ನು ನಡೆಸುತ್ತದೆ. ಆ ಭಾಗ ಚಿಪ್ಪಿನಿಂದ ಅಕ್ಷರವನ್ನು ತೆಗೆದು ಸ್ಮೃತಿಯಲ್ಲಿರುವ ಒಂದು ಸಾಲಿನ ಕೊನೆಗೆ ಸೇರಿಸುತ್ತದೆ. ಅಕ್ಷರಗಳನ್ನು ಬಯಸಿದ ಪ್ರೋಗ್ರಾಮು ತನಗೆ ಬಿಡುವಾದಾಗ ಸಾಲಿನ ಮುಂಭಾಗದಿಂದ ಅವನ್ನು ಪಡೆಯುತ್ತದೆ.

ಬಾಗಿಲು ಬಡಿದಾಗ ತಡಮಾಡಿದರೆ ನಷ್ಟ ತಪ್ಪದು. ೧೧೫೨೦೦ರ ವೇಗದಲ್ಲಿ ೮೭ ಮೈಕ್ರೋಸೆಕೆಂಡಿಗೊಮ್ಮೆ ಒಂದು ಅಕ್ಷರ ಬರುತ್ತದೆ. ೮೨೫೦ ಚಿಪ್ಪಿನಲ್ಲಿ ಒಂದೇ ಅಕ್ಷರಕ್ಕೆ ಜಾಗ; ಮುಂದಿನದು ಬರುವುದರೊಳಗೆ ತೆಗೆಯದಿದ್ದರೆ ಹಿಂದಿನದು ಅಳಿದುಹೋಗುತ್ತದೆ. ಮುಂದೆ ಬಂದ ೧೬೫೫೦ಎ ಚಿಪ್ಪಿನಲ್ಲಿ ೧೬ ಅಕ್ಷರಗಳು ಕಾದು ನಿಲ್ಲುವಷ್ಟು ಜಾಗವಿದೆ. ಅಷ್ಟೂ ತುಂಬಲು ಸುಮಾರು ೧.೪ ಮಿಲಿಸೆಕೆಂಡು ಬೇಕು. ಮನುಷ್ಯನಿಗೆ ಇದು ಕಣ್ಣು ಮಿಟುಕಿಸುವುದಕ್ಕೂ ಸಾಲದ ಕಾಲ; ಪ್ರೊಸೆಸರಿಗೆ ಸಾಕಷ್ಟು ಬಿಡುವು.

ಬೀದಿಬಾಗಿಲು ಮತ್ತು ಒಳಗೋಡೆಗಳು

ಲಿನಕ್ಸಿಗೂ ಸೀರಿಯಲ್ ತಂತಿಗೂ ಇರುವ ನಂಟು ಹುಟ್ಟಿನಿಂದಲೇ ಬಂದುದು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟಾರ್ವಾಲ್ಡ್ಸ್, ಮೋಡೆಮಿನ ಮೂಲಕ ವಿಶ್ವವಿದ್ಯಾನಿಲಯದ ಕಂಪ್ಯೂಟರಿನೊಡನೆ ಮಾತನಾಡಲು ಒಂದು ಟರ್ಮಿನಲ್ ಪ್ರೋಗ್ರಾಮನ್ನು ಬರೆದನು. ಆ ಪ್ರೋಗ್ರಾಮೇ ಬೆಳೆಯುತ್ತ ಬೆಳೆಯುತ್ತ ಲಿನಕ್ಸ್ ಕರ್ನೆಲ್ ಆಯಿತು. ಕರ್ನೆಲ್ ಎಂದರೆ ತಿರುಳು. ಯಂತ್ರಭಾಗಗಳ ಮೇಲೆ ನೇರವಾದ ಅಧಿಕಾರವಿರುವುದು ಅದಕ್ಕೇ. ಡ್ರೈವರುಗಳೂ ಅದರೊಳಗಿನ ಅಂಗಗಳೇ.

ಈ ಕರ್ನೆಲ್ಲನ್ನು ಒಂದು ದೊಡ್ಡ ಮನೆಗೆ ಹೋಲಿಸಬಹುದು. ಬೀದಿಯ ಕಡೆಗಿರುವ ಬಾಗಿಲು ಸಾಮಾನ್ಯ ಪ್ರೋಗ್ರಾಮುಗಳಿಗಾಗಿ ಇದೆ. ಇಪ್ಪತ್ತು ವರ್ಷಗಳ ಹಿಂದೆ ಬರೆದ ಪ್ರೋಗ್ರಾಮೂ ಇಂದು ಅದೇ ಬಾಗಿಲಿನಿಂದ ಒಳಬರಲು ಸಾಧ್ಯವಾಗಬೇಕು. ಇದು ಟಾರ್ವಾಲ್ಡ್ಸ್ ಕಟ್ಟುನಿಟ್ಟಾಗಿ ಕಾಪಾಡಿಕೊಂಡು ಬಂದಿರುವ ನಿಯಮ. ಆದರೆ ಮನೆಯ ಒಳಗೋಡೆಗಳ ವಿಷಯದಲ್ಲಿ ಅಂಥ ಭರವಸೆ ಏನೂ ಇಲ್ಲ. ಅನುಕೂಲ ಕಂಡಂತೆ ಅವನ್ನು ಕೆಡವಿ ಕಟ್ಟುತ್ತಲೇ ಇರುತ್ತಾರೆ. ಗೋಡೆಯನ್ನು ಸರಿಸಿದವರು ಮನೆಯೊಳಗೆ ವಾಸವಾಗಿರುವ ಎಲ್ಲ ಡ್ರೈವರುಗಳನ್ನೂ ತಾವೇ ಹೊಂದಿಸಿಕೊಡಬೇಕೆಂಬುದು ಅಲ್ಲಿನ ಪದ್ಧತಿ. ಅಧಿಕೃತ ಮೂಲಪಾಠದಲ್ಲಿ ಸೇರದೆ ಹೊರಗೇ ಉಳಿದ ಡ್ರೈವರನ್ನು ಹೊಂದಿಸುವವರು ಯಾರೂ ಇಲ್ಲ. ನಮ್ಮ ಮೂಕ ಉಪಕರಣದ ದುಭಾಷಿ ಸಾಮಾನ್ಯವಾಗಿ ಇಂಥ ಹೊರಗಿನವನು. ಕಾರ್ಡನ್ನು ಮಾರಿದವರು ಅದರ ಜೊತೆಗೆ ಒಂದು ಡಿಸ್ಕಿನಲ್ಲಿ ಅವನನ್ನು ಕೊಟ್ಟು ತಮ್ಮ ಕೆಲಸ ಮುಗಿಯಿತೆಂದುಕೊಂಡಿರುತ್ತಾರೆ.

ಆದುದರಿಂದ ಮೊದಲು ರೋಗನಿದಾನ ಆಗಬೇಕು, ಚಿಕಿತ್ಸೆ ಆಮೇಲೆ. ಕಾರ್ಡಿನಲ್ಲಿರುವ ಚಿಪ್ ೧೬೫೫೦ಎ ಚಿಪ್ಪನ್ನು ಹೋಲುವುದಾದರೆ ಬೇರೆ ಡ್ರೈವರೇ ಬೇಕಾಗದಿರಬಹುದು. ಕರ್ನೆಲ್ಲಿನಲ್ಲಿ ಈಗಾಗಲೇ ಇರುವ ೮೨೫೦ ಡ್ರೈವರಿನ ಪಟ್ಟಿಗೆ ಆ ಕಾರ್ಡಿನ ಗುರುತು ಸಂಖ್ಯೆಯನ್ನು ಸೇರಿಸಿದರೆ ಎಷ್ಟೋ ವೇಳೆ ಕೆಲಸ ಮುಗಿಯುತ್ತದೆ. ಒಂದೇ ಉಪಕರಣವಿದ್ದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪರಿವರ್ತಕವೂ ಸಾಕಾದೀತು. ಇವೆರಡೂ ಒದಗದಿದ್ದಾಗ ಮಾತ್ರ ಡ್ರೈವರನ್ನು ಬಿಚ್ಚಬೇಕು. ಅದಕ್ಕೆ ಅದರ ಮೂಲಪಾಠ ಕೈಯಲ್ಲಿರಬೇಕು. ಯಂತ್ರಭಾಷೆಗೆ ಇಳಿಸಿದ ಕಡತ ಮಾತ್ರ ಉಳಿದಿದ್ದರೆ ತಿದ್ದುವ ಮಾರ್ಗವೇ ಮುಚ್ಚಿದಂತೆ.

ಹೆಸರಿನ ಬದಲಾವಣೆಗಳು

೨೦೦೧ರ ಜನವರಿಯಲ್ಲಿ ಬಂದ ೨.೪ ಕರ್ನೆಲ್ಲಿಗಾಗಿ ಬರೆದ ಡ್ರೈವರೊಂದನ್ನು ೬ನೆಯ ಸರಣಿಯ ಕರ್ನೆಲ್ಲಿಗೆ ತರಬೇಕೆಂದಿಟ್ಟುಕೊಳ್ಳೋಣ. ಕಂಪೈಲ್ ಮಾಡಲು ಹೊರಟೊಡನೆ ತಪ್ಪುಗಳ ಉದ್ದವಾದ ಪಟ್ಟಿಯೊಂದು ಬರುತ್ತದೆ. ಹೆದರಬೇಕಾಗಿಲ್ಲ, ಅವುಗಳಲ್ಲಿ ಹೆಚ್ಚಿನವು ಹೆಸರಿಗೆ, ಆಕಾರಕ್ಕೆ ಸಂಬಂಧಿಸಿದವು. ಮುಖ್ಯವಾದ ಕೆಲವನ್ನು ನೋಡೋಣ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದುದು ೨೦೦೨ರಲ್ಲಿ, ೨.೬ ಕರ್ನೆಲ್ಲಿನ ಸಿದ್ಧತೆ ನಡೆಯುತ್ತಿದ್ದಾಗ. ಅಲ್ಲಿಯವರೆಗೆ ಒಂದೊಂದು ಸೀರಿಯಲ್ ಡ್ರೈವರೂ ಕಿಂಡಿಯನ್ನು ತೆರೆಯುವುದು, ಮುಚ್ಚುವುದು, ಸಾಲನ್ನು ಕಾಯುವುದು ಮೊದಲಾದ ಎಲ್ಲವನ್ನೂ ತಾನೇ ಮಾಡಬೇಕಾಗಿದ್ದಿತು. ರಸೆಲ್ ಕಿಂಗ್ ಅವರು ಎಲ್ಲಕ್ಕೂ ಸಮಾನವಾದ ಭಾಗಗಳನ್ನು ಬೇರ್ಪಡಿಸಿ ಸೀರಿಯಲ್ ಕೋರ್ ಎಂಬ ಪದರವನ್ನು ರಚಿಸಿದರು. ಅಂದಿನಿಂದ ಡ್ರೈವರು ತನ್ನ ಚಿಪ್ಪಿಗೆ ವಿಶಿಷ್ಟವಾದ ಕ್ರಿಯೆಗಳನ್ನು ಮಾತ್ರ ಒಂದು ಪಟ್ಟಿಯಾಗಿ ಒಪ್ಪಿಸಿದರೆ ಸಾಕು: ಕಳುಹಿಸಲು ತೊಡಗು, ನಿಲ್ಲಿಸು, ವೇಗವನ್ನು ಬದಲಾಯಿಸು, ಹೀಗೆ. ಆದುದರಿಂದ ಹಳೆಯ ಡ್ರೈವರನ್ನು ಹೊಸದಕ್ಕೆ ತರುವ ಕೆಲಸದಲ್ಲಿ ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚು.

ಅನಂತರದ ಬದಲಾವಣೆಗಳು ಚಿಕ್ಕವು. ಇಂಟರಪ್ಟನ್ನು ಎದುರುಗೊಳ್ಳುವ ಕ್ರಿಯೆಗೆ ಹಿಂದೆ ಮೂರು ವಿಷಯಗಳನ್ನು ಒಪ್ಪಿಸುತ್ತಿದ್ದರು, ೨೦೦೬ರ ೨.೬.೧೯ರಿಂದ ಎರಡೇ ಉಳಿದುವು. ಬಂದ ಅಕ್ಷರವನ್ನು ಒಪ್ಪಿಸುವ ವಿಳಾಸ ೨೦೧೩ರ ೩.೯ರಲ್ಲಿ ಟಿಟಿವೈಯಿಂದ ಟಿಟಿವೈ ಪೋರ್ಟಿಗೆ ಬದಲಾಯಿತು. ಕಾಲವನ್ನು ಎಣಿಸಿ ಕರೆಯುವ ಟೈಮರುಗಳ ರೂಪ ೨೦೧೮ರ ೪.೧೫ರಲ್ಲಿ ಬೇರೆಯಾಯಿತು, ಹಳೆಯ ರೂಪದಲ್ಲಿ ದಾಳಿಕಾರರಿಗೆ ಎಡೆಯಿದ್ದುದೇ ಅದಕ್ಕೆ ಕಾರಣ. ವೇಗವನ್ನು ಬದಲಾಯಿಸುವ ಕ್ರಿಯೆಗೆ ಒಪ್ಪಿಸುವ ಹಳೆಯ ಅಳವಡಿಕೆಗಳನ್ನು ಡ್ರೈವರು ತಿದ್ದಕೂಡದೆಂಬ ನಿರ್ಬಂಧ ೨೦೨೨ರ ೬.೧ರಲ್ಲಿ ಬಂದಿತು. ಕಳುಹಿಸಬೇಕಾದ ಅಕ್ಷರಗಳ ಸಾಲಿನ ರಚನೆಯೇ ೨೦೨೪ರ ೬.೧೦ರಲ್ಲಿ ಹೊಸದಾಯಿತು.

ಇವನ್ನೆಲ್ಲ ಕಂಠಪಾಠ ಮಾಡುವ ಅಗತ್ಯವಿಲ್ಲ. ೨೦೦೫ರಿಂದ ಈಚೆಗೆ ಕರ್ನೆಲ್ಲಿನ ಪ್ರತಿಯೊಂದು ತಿದ್ದುಪಡಿಯೂ ಅದರ ಕಾರಣದೊಡನೆ ಗಿಟ್ ಎಂಬ ದಾಖಲೆಯಲ್ಲಿ ಉಳಿದಿದೆ. ನಮ್ಮ ಡ್ರೈವರನ್ನು ಹೋಲುವ, ಆದರೆ ಮನೆಯೊಳಗೇ ಬೆಳೆದ ಇನ್ನೊಂದು ಡ್ರೈವರನ್ನು ಆರಿಸಿಕೊಂಡು ಅದು ವರ್ಷದಿಂದ ವರ್ಷಕ್ಕೆ ಹೇಗೆ ತಿದ್ದಲ್ಪಟ್ಟಿತೆಂಬುದನ್ನು ಓದಿದರೆ ದಾರಿ ತಾನಾಗಿ ಕಾಣುತ್ತದೆ. ಇಂಥ ಏಕರೀತಿಯ ತಿದ್ದುಪಡಿಗಳನ್ನು ಸಾವಿರಾರು ಕಡತಗಳಲ್ಲಿ ಒಮ್ಮೆಗೇ ಮಾಡಲು ಫ್ರಾನ್ಸಿನ ಸಂಶೋಧಕರು ರೂಪಿಸಿದ ಕಾಕ್ಸಿನೆಲ್ ಎಂಬ ಸಾಧನವೂ ಉಂಟು. ಫ್ರೆಂಚ್ ಭಾಷೆಯಲ್ಲಿ ಆ ಹೆಸರಿಗೆ ಚುಕ್ಕೆಗಳುಳ್ಳ ಒಂದು ಪುಟ್ಟ ಕೆಂಪು ಜೀರುಂಡೆ ಎಂದು ಅರ್ಥ. ಗಿಡಗಳ ಹೇನನ್ನು ತಿನ್ನುವ ಹುಳು ಅದು.

ಅರ್ಥದ ಬದಲಾವಣೆ

ಕಂಪೈಲರು ಎತ್ತಿ ತೋರಿಸುವ ತಪ್ಪುಗಳು ಉಪಕಾರಿಗಳು. ಅದು ತೋರಿಸದ ತಪ್ಪುಗಳೇ ಅಪಾಯಕರ. ಅಂಥ ಒಂದನ್ನು ವಿವರವಾಗಿ ನೋಡೋಣ.

ಸಾಲಿನಲ್ಲಿ ಏಳು ಅಕ್ಷರಗಳಿವೆ ಎಂದಿಟ್ಟುಕೊಳ್ಳಿ. ಪ್ರೋಗ್ರಾಮು ಒಂದನ್ನು ತೆಗೆಯಬೇಕಾಗಿದೆ. ಅದೇ ಕ್ಷಣದಲ್ಲಿ ಹೊಸದೊಂದು ಬಂದಿದೆ. ಕೊನೆಗೆ ಏಳೇ ಉಳಿಯಬೇಕಷ್ಟೆ. ತೆಗೆಯುವವನು ಲೆಕ್ಕದ ಹಲಗೆಯಲ್ಲಿ ‘೭’ ಎಂದು ಓದಿಕೊಳ್ಳುತ್ತಾನೆ. ಅವನು ಅದನ್ನು ತಿದ್ದುವ ಮೊದಲೇ ಸೇರಿಸುವವನೂ ‘೭’ ಎಂದು ಓದಿಕೊಂಡು ‘೮’ ಎಂದು ಬರೆಯುತ್ತಾನೆ. ಆಮೇಲೆ ಮೊದಲಿನವನು ತನ್ನ ಲೆಕ್ಕದಂತೆ ‘೬’ ಎಂದು ಬರೆದುಬಿಡುತ್ತಾನೆ. ಈಗತಾನೆ ಬಂದ ಅಕ್ಷರ ಲೆಕ್ಕಕ್ಕೇ ಸೇರದೆ ಕಳೆದುಹೋಯಿತು.

ಇದನ್ನು ತಡೆಯಲು ಹಳೆಯ ಡ್ರೈವರುಗಳು ಸಿಎಲ್‌ಐ ಎಂಬ ಆಜ್ಞೆಯನ್ನು ಬಳಸುತ್ತಿದ್ದುವು. ಹಲಗೆಯನ್ನು ಮುಟ್ಟುವ ಮೊದಲು ಇಂಟರಪ್ಟುಗಳಿಗೆ ಬಾಗಿಲು ಹಾಕಿ, ಕೆಲಸವಾದ ಮೇಲೆ ತೆರೆಯುವುದು ಇದರ ಕ್ರಮ. ಪ್ರೊಸೆಸರ್ ಒಂದೇ ಇದ್ದಾಗ ಇದು ಸಾಕಾಗಿದ್ದಿತು. ಹಲವು ಪ್ರೊಸೆಸರುಗಳಿದ್ದಾಗಲೂ ೨.೪ ಕರ್ನೆಲ್ಲಿನಲ್ಲಿ ಈ ಆಜ್ಞೆ ಎಲ್ಲ ಪ್ರೊಸೆಸರುಗಳ ಬಾಗಿಲುಗಳನ್ನೂ ಒಟ್ಟಿಗೆ ಮುಚ್ಚಿಸುತ್ತಿದ್ದಿತು. ಒಂದು ಅಕ್ಷರದ ಸಲುವಾಗಿ ಊರಿಗೆ ಊರೇ ಕೆಲಸ ನಿಲ್ಲಿಸಿದಂತೆ! ೨೦೦೨ರಲ್ಲಿ ಈ ಸೌಕರ್ಯವನ್ನು ಕಿತ್ತುಹಾಕಿದರು.

ಡ್ರೈವರನ್ನು ತಿದ್ದುವವರು ಎಡವುವುದು ಇಲ್ಲಿಯೇ. ಹಳೆಯ ಆಜ್ಞೆಯ ಜಾಗದಲ್ಲಿ, ಒಂದು ಪ್ರೊಸೆಸರಿನ ಇಂಟರಪ್ಟುಗಳನ್ನು ಮಾತ್ರ ತಡೆಯುವ ಹೊಸ ಆಜ್ಞೆಯನ್ನು ಬರೆದರೆ ಕಂಪೈಲರು ಏನೂ ಆಕ್ಷೇಪಿಸದು. ಡ್ರೈವರು ಓಡುತ್ತದೆ; ಅಕ್ಷರಗಳು ಬರುತ್ತವೆ. ಆದರೆ ಇಂದಿನ ಕಂಪ್ಯೂಟರಿನಲ್ಲಿ ನಾಲ್ಕೋ ಎಂಟೋ ಪ್ರೊಸೆಸರುಗಳು ಒಂದೇ ಕಾಲದಲ್ಲಿ ದುಡಿಯುತ್ತಿರುತ್ತವೆ. ನಮ್ಮ ಮನೆಯ ಬಾಗಿಲನ್ನು ಹಾಕಿಕೊಂಡರೆ ನೆರೆಮನೆಯವನು ಬರೆಯುವುದು ನಿಂತೀತೆ? ಗಂಟೆಗೊಮ್ಮೆಯೋ ದಿನಕ್ಕೊಮ್ಮೆಯೋ ಎರಡು ಕೈಗಳು ಒಟ್ಟಿಗೆ ಹಲಗೆಯ ಮೇಲೆ ಬೀಳುತ್ತವೆ. ಒಂದು ಅಕ್ಷರ ಮಾಯವಾಗುತ್ತದೆ.

ಸರಿಯಾದ ಪರಿಹಾರ ಸ್ಪಿನ್ ಲಾಕ್ ಎಂಬ ಬೀಗ. ಹಲಗೆಗೆ ಒಂದೇ ಬೀಗದ ಕೈ. ಅದನ್ನು ಹಿಡಿದವನು ಮಾತ್ರ ಬರೆಯಬಹುದು. ಮಿಕ್ಕವರು ಅದು ಸಿಗುವವರೆಗೆ ಕಾಯಬೇಕು. ಇದಕ್ಕೆ ಎರಡು ನಿಯಮಗಳಿವೆ. ಕೈಯನ್ನು ಹಿಡಿಯುವಾಗ ನಮ್ಮ ಪ್ರೊಸೆಸರಿನ ಇಂಟರಪ್ಟುಗಳನ್ನೂ ತಡೆದಿರಬೇಕು. ಇಲ್ಲವಾದರೆ ಕೈ ಹಿಡಿದವನನ್ನು ಅರ್ಧದಲ್ಲಿ ನಿಲ್ಲಿಸಿ ಬಂದ ಇಂಟರಪ್ಟ್ ಅದೇ ಕೈಗಾಗಿ ಕಾಯುತ್ತ ನಿಲ್ಲುತ್ತದೆ. ಅದು ಮುಗಿಯದೆ ಇವನು ಏಳಲಾರ, ಇವನು ಏಳದೆ ಅದು ಮುಗಿಯದು, ಕಂಪ್ಯೂಟರು ಸ್ತಬ್ಧವಾಗುತ್ತದೆ. ಎರಡನೆಯದಾಗಿ, ಕೈಯನ್ನು ಹಿಡಿದುಕೊಂಡು ಮಲಗಕೂಡದು. ಪ್ರೋಗ್ರಾಮಿನ ಸ್ಮೃತಿಯಿಂದ ಅಕ್ಷರಗಳನ್ನು ನಕಲು ಮಾಡಿಕೊಳ್ಳುವುದೇ ಮುಂತಾದ, ಕಾಯಬೇಕಾಗಿ ಬರಬಹುದಾದ ಕೆಲಸಗಳನ್ನು ಬೀಗದ ಹೊರಗೇ ಮುಗಿಸಿಕೊಳ್ಳಬೇಕು. ಈ ನಿಯಮಗಳ ಭಂಗವನ್ನು ಕಂಡುಹಿಡಿಯಲು ಕರ್ನೆಲ್ಲಿನಲ್ಲಿಯೇ ಪರೀಕ್ಷಕ ಸಾಧನಗಳಿವೆ. ಬೀಗಗಳ ವ್ಯವಹಾರವನ್ನು ಗಮನಿಸುವ ಲಾಕ್‌ಡೆಪ್ ೨೦೦೬ರಿಂದ ಲಭ್ಯವಿದೆ. ಹೊಸ ಡ್ರೈವರನ್ನು ಇಂಥ ಕಾವಲಿನಲ್ಲಿಯೇ ಮೊದಲು ಓಡಿಸಿ ನೋಡಬೇಕು.

ಪರೀಕ್ಷೆ

ಡ್ರೈವರು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಸುಲಭವಾದ ಪ್ರಯೋಗವೊಂದಿದೆ. ಒಂಬತ್ತು ಸೂಜಿಗಳಲ್ಲಿ ಎರಡನೆಯದು ಕೇಳುವುದು, ಮೂರನೆಯದು ಹೇಳುವುದು. ಇವೆರಡನ್ನೂ ಒಂದು ತುಂಡು ತಂತಿಯಿಂದ ಸೇರಿಸಿದರೆ ಕಿಂಡಿ ತಾನು ಆಡಿದ್ದನ್ನು ತಾನೇ ಕೇಳುತ್ತದೆ. ೦ಯಿಂದ ೨೫೫ರವರೆಗಿನ ಸಂಖ್ಯೆಗಳನ್ನು ಕ್ರಮವಾಗಿ, ಮತ್ತೆ ಮತ್ತೆ, ಹತ್ತು ಲಕ್ಷ ಆಗುವವರೆಗೆ ಕಳುಹಿಸಿ, ಬಂದವುಗಳಲ್ಲಿ ಕ್ರಮ ಎಲ್ಲಿಯಾದರೂ ತಪ್ಪಿದೆಯೆ ಎಂದು ನೋಡಬೇಕು. ಅದೇ ವೇಳೆಯಲ್ಲಿ ಕಂಪ್ಯೂಟರಿಗೆ ಬೇರೆ ಭಾರವಾದ ಕೆಲಸಗಳನ್ನೂ ಹೊರಿಸಿರಬೇಕು. ಸುಮ್ಮನಿರುವ ಯಂತ್ರದಲ್ಲಿ ಎಲ್ಲ ಡ್ರೈವರುಗಳೂ ಒಳ್ಳೆಯವೇ. ತಡಮಾಡಿದ್ದರಿಂದ ಚಿಪ್ಪಿನಲ್ಲಿಯೇ ಅಳಿದ ಅಕ್ಷರಗಳ ಲೆಕ್ಕವನ್ನು ಕರ್ನೆಲ್ ಬೇರೆಯಾಗಿ ಇಟ್ಟಿರುತ್ತದೆ, ಅದನ್ನೂ ನೋಡಬೇಕು.

ಆದರೆ ಈ ಪ್ರಯೋಗದ ಕಣ್ಣಿಗೆ ಬೀಳದ ದೋಷವೊಂದಿದೆ. ಹೇಳುವವನೂ ಕೇಳುವವನೂ ಒಬ್ಬನೇ ಆದುದರಿಂದ ಗಡಿಯಾರವೂ ಒಂದೇ. ಅದು ಎಷ್ಟು ತಪ್ಪಾಗಿದ್ದರೂ ಇಬ್ಬರೂ ಸಮನಾಗಿ ತಪ್ಪುತ್ತಾರೆ. ಅಕ್ಷರ ಮಾತ್ರ ಶುದ್ಧವಾಗಿ ಬರುತ್ತದೆ. ಉದಾಹರಣೆಗೆ, ಕೆಲವು ಕಾರ್ಡುಗಳಲ್ಲಿ ೧.೮೪೩೨ಕ್ಕೆ ಬದಲಾಗಿ ಅದರ ಎಂಟರಷ್ಟು, ಎಂದರೆ ೧೪.೭೪೫೬ ಮೆಗಾಹರ್ಟ್ಸ್ ಸ್ಫಟಿಕವಿರುತ್ತದೆ. ಇದನ್ನರಿಯದ ಡ್ರೈವರು ೧೨ ಎಂಬ ಭಾಜಕವನ್ನೇ ಕೊಟ್ಟರೆ ನಿಜವಾದ ವೇಗ ೯೬೦೦ ಅಲ್ಲ, ೭೬೮೦೦. ಇನ್ನೊಂದು ಎಡವು ಇಲ್ಲಿಯೇ ಇದೆ. ಹಳೆಯ ಡ್ರೈವರುಗಳು ೧೬ರಿಂದ ಭಾಗಿಸಿದ ೧೧೫೨೦೦ ಎಂಬ ಸಂಖ್ಯೆಯನ್ನು ಇಟ್ಟುಕೊಳ್ಳುತ್ತಿದ್ದುವು. ಸೀರಿಯಲ್ ಕೋರ್ ಕೇಳುವುದು ಭಾಗಿಸದ ೧೮೪೩೨೦೦ನ್ನು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಲೆಕ್ಕವೆಲ್ಲ ಹದಿನಾರರಷ್ಟು ತಪ್ಪುತ್ತದೆ.

ಇದನ್ನು ಹಿಡಿಯಲು ಕೈಗಡಿಯಾರವೇ ಸಾಕು. ೯೬೦೦ರ ವೇಗದಲ್ಲಿ ಹತ್ತು ಲಕ್ಷ ಅಕ್ಷರಗಳು ಸಾಗಲು ಸುಮಾರು ೧೦೪೨ ಸೆಕೆಂಡು, ಎಂದರೆ ಹದಿನೇಳು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯಬೇಕು. ೧೩೦ ಸೆಕೆಂಡಿನಲ್ಲಿಯೇ ಮುಗಿದರೆ ಗಡಿಯಾರ ಎಂಟರಷ್ಟು ಓಡುತ್ತಿದೆಯೆಂದು ತಿಳಿಯಬಹುದು. ನೂರಕ್ಕೆ ಐದರ ಮಿತಿಯನ್ನು ಮೀರಿದ್ದನ್ನು ಕಂಡುಹಿಡಿಯಲು ಇದಕ್ಕಿಂತ ಸೂಕ್ಷ್ಮವಾದ ಸಾಧನ ಬೇಕಿಲ್ಲ.

ಇಷ್ಟೆಲ್ಲ ಜಾಗರೂಕತೆ ಏಕೆಂದು ಯಾರಾದರೂ ಕೇಳಬಹುದು. ಗೈಗರ್ ನಳಿಕೆಯಿಂದ ವಿಕಿರಣವನ್ನು ಎಣಿಸುವಾಗ, ಒಂದು ಕಣವನ್ನು ಎಣಿಸಿದ ಮೇಲೆ ಸುಮಾರು ೧೦೦ ಮೈಕ್ರೋಸೆಕೆಂಡು ನಳಿಕೆ ಕುರುಡಾಗಿರುತ್ತದೆ. ಆಗ ಬಂದ ಕಣಗಳು ಎಣಿಕೆಗೆ ಸಿಗುವುದಿಲ್ಲ. ಆದರೂ ನಾವು ಚಿಂತಿಸುವುದಿಲ್ಲ. ಆ ಕಾಲ ಎಷ್ಟೆಂದು ಅಳೆದಿದ್ದೇವೆ. ಅದರಿಂದ ಬಂದ ಕೊರತೆಯನ್ನು ಲೆಕ್ಕದಿಂದ ತುಂಬುತ್ತೇವೆ. ಕೆಟ್ಟ ಡ್ರೈವರು ನುಂಗುವ ಅಕ್ಷರಗಳಿಗೆ ಇಂಥ ಲೆಕ್ಕವಿಲ್ಲ. ಅಕ್ಷರಗಳು ದಟ್ಟವಾಗಿ ಬಂದಷ್ಟೂ ಅದು ಹೆಚ್ಚು ನುಂಗುತ್ತದೆ, ಎಷ್ಟೆಂದು ಹೇಳುವುದಿಲ್ಲ. ವಿದ್ಯಾರ್ಥಿ ಎಳೆದ ನಕ್ಷೆಯ ರೇಖೆ ಕೊನೆಯಲ್ಲಿ ಬಾಗಿದರೆ ಅದು ನಿಸರ್ಗದ ನಿಯಮವೋ ದುಭಾಷಿಯ ಮರೆವೋ ಎಂದು ತಿಳಿಯುವ ಬಗೆಯೇ ಇರುವುದಿಲ್ಲ. ಪೂರ್ತಿ ಮೂಕವಾದ ಉಪಕರಣದಿಂದ ಆಗುವುದು ಒಂದು ದಿನದ ನಷ್ಟ. ಆಗಾಗ ಮಾತು ನುಂಗುವ ಉಪಕರಣದಿಂದ ಒಂದು ವರ್ಷದ ಅಳತೆಗಳೆಲ್ಲ ಸಂದೇಹಕ್ಕೆ ಒಳಗಾಗುತ್ತವೆ.

ಆದುದರಿಂದ ಹಳೆಯ ಡ್ರೈವರನ್ನು ಹೊಸ ಕರ್ನೆಲ್ಲಿಗೆ ತರುವವರು ಎರಡು ಹಂತಗಳನ್ನು ಬೇರೆಬೇರೆಯಾಗಿ ನೆನಪಿಡಬೇಕು. ಕಂಪೈಲರನ್ನು ಒಪ್ಪಿಸುವುದು ಮೊದಲನೆಯದು. ಅದು ಕೆಲವು ದಿನಗಳ ಕೆಲಸ. ಡ್ರೈವರನ್ನು ಬರೆದಂದು ಸತ್ಯವಾಗಿದ್ದು ಇಂದು ಸತ್ಯವಲ್ಲದ ಊಹೆಗಳನ್ನು ಹುಡುಕಿ ತೆಗೆಯುವುದು ಎರಡನೆಯದು. ನಿಜವಾದ ಕೆಲಸ ಅದು. ಇವೆರಡೂ ಆದ ಮೇಲೆ ಡ್ರೈವರನ್ನು ಕರ್ನೆಲ್ಲಿನ ಅಧಿಕೃತ ಮೂಲಪಾಠಕ್ಕೆ ಸೇರಿಸುವಂತೆ ಒಪ್ಪಿಸುವುದು ಇನ್ನೂ ಉತ್ತಮ. ಒಮ್ಮೆ ಮನೆಯೊಳಗೆ ಸ್ಥಳ ದೊರೆತರೆ, ಮುಂದೆ ಗೋಡೆ ಸರಿಸುವವರೇ ಅದನ್ನೂ ಹೊಂದಿಸಿಕೊಡುತ್ತಾರೆ. ಉಪಕರಣವೂ ತನ್ನ ಪೂರ್ಣ ಆಯುಸ್ಸನ್ನು ಬಾಳುತ್ತದೆ.